ಷರತ್ತುಗಳ ಜೋಡಣೆ ಮತ್ತು ಆವರಣದ ಇತಿಹಾಸ: ನಿಯಮ-ತಂತ್ರಾಂಶಗಳನ್ನು ಕುರಿತು ಒಂದು ವಿಮರ್ಶೆ

ಕಛೇರಿಯ ನಿಯಮಗಳನ್ನು ಗಣಕಯಂತ್ರಕ್ಕೆ ಒಪ್ಪಿಸುವ ತಂತ್ರಾಂಶಗಳ ವಿಚಾರವನ್ನು ಇತಿಹಾಸದ ಅಧ್ಯಾಪಕರು ಎತ್ತಿಕೊಳ್ಳುವುದು ಕೆಲವರಿಗೆ ಅಪ್ರಕೃತವೆಂದು ತೋರಬಹುದು. ಆದರೆ ಹಳೆಯ ಶಾಸನವನ್ನಾಗಲಿ ಹೊಸ ಅಧಿನಿಯಮವನ್ನಾಗಲಿ ಮುಂದಿಟ್ಟುಕೊಂಡು, ಯಾವ ವಿಶೇಷಣ ಯಾವ ಪದಕ್ಕೆ ಅನ್ವಯಿಸುತ್ತದೆ, ಯಾವ ಷರತ್ತು ಎಲ್ಲಿಯವರೆಗೆ ವ್ಯಾಪಿಸುತ್ತದೆ ಎಂದು ನಿರ್ಣಯಿಸುವುದು ನಮ್ಮ ನಿತ್ಯದ ಕೆಲಸ. ಈ ತಂತ್ರಾಂಶಗಳ ಮುಂದೆ ಕುಳಿತವರು ಮಾಡುವುದೂ ಅದೇ ಕೆಲಸವೇ. ನಾವು ನಮ್ಮ ನಿರ್ಣಯಕ್ಕೆ ಅಡಿಟಿಪ್ಪಣಿಯಲ್ಲಿ ಕಾರಣ ಕೊಡಬೇಕಾಗುತ್ತದೆ, ಅವರು ಕೊಡಬೇಕಾಗಿಲ್ಲ. ಪ್ರಸ್ತುತ ಲೇಖನದ ಆಕ್ಷೇಪವೆಲ್ಲ ಈ ಒಂದು ವ್ಯತ್ಯಾಸವನ್ನು ಕುರಿತದ್ದು.

ಮೊದಲು ಈ ತಂತ್ರಾಂಶಗಳ ಸ್ವರೂಪವನ್ನು ಸ್ಥೂಲವಾಗಿ ಹೇಳಿಬಿಡುತ್ತೇವೆ. ಹಿಂದೆ ಒಂದು ಬ್ಯಾಂಕಿನ ಅಥವಾ ವಿಮಾಸಂಸ್ಥೆಯ ನಿಯಮಗಳೆಲ್ಲ ಗಣಕಯಂತ್ರದ ಪ್ರೋಗ್ರಾಮಿನ ಒಡಲಿನಲ್ಲಿಯೇ ಬೆರೆತುಹೋಗಿರುತ್ತಿದ್ದವು. ಒಂದು ದರ ಬದಲಾದರೂ ಪ್ರೋಗ್ರಾಮನ್ನೇ ಬಿಚ್ಚಿ ಮತ್ತೆ ಹೊಲಿಯಬೇಕಾಗಿತ್ತು. ನಿಯಮಗಳನ್ನು ಅದರಿಂದ ಬೇರ್ಪಡಿಸಿ ‘ಹೀಗಿದ್ದರೆ ಹೀಗೆ’ ಎಂಬ ರೂಪದಲ್ಲಿ ಬರೆದಿಡುವ ಪದ್ಧತಿ ೧೯೭೦ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಬಲಗೊಂಡಿತು. ಸ್ಟ್ಯಾನ್‌ಫರ್ಡಿನ ಮೈಸಿನ್ ಎಂಬ ವೈದ್ಯಕೀಯ ಪ್ರಯೋಗವೂ, ಹಲವಾರು ನಿಯಮಗಳನ್ನು ಒಮ್ಮೆಗೇ ವೇಗವಾಗಿ ಹೋಲಿಸಿ ನೋಡಲು ಕಾರ್ನೆಗಿ ಮೆಲನ್ನಿನಲ್ಲಿ ಚಾರ್ಲ್ಸ್ ಫೋರ್ಗಿ ಅವರು ರೂಪಿಸಿದ ವಿಧಾನವೂ ಇದಕ್ಕೆ ತಳಹದಿಯಾದವು. ಇಂದು ಪ್ರಚಾರದಲ್ಲಿರುವ ಡ್ರೂಲ್ಸ್ ಮೊದಲಾದವು ಈ ವಂಶಕ್ಕೆ ಸೇರಿದವು. ಇವುಗಳ ಅನೇಕ ರೂಪಗಳಲ್ಲಿ ಪ್ರೋಗ್ರಾಮ್ ಬರೆಯಲು ತಿಳಿಯದ ಅಧಿಕಾರಿಯೂ ಪರದೆಯ ಮೇಲೆ ನಿಯಮವನ್ನು ಕಟ್ಟಬಹುದು. ಒಂದೊಂದು ಷರತ್ತೂ ಒಂದೊಂದು ಸಾಲು. ಸಾಲುಗಳನ್ನು ಕೂಡಿಸಿ ಒಂದು ಪೆಟ್ಟಿಗೆಯೊಳಗಿಟ್ಟು, ಆ ಪೆಟ್ಟಿಗೆಯ ನೆತ್ತಿಯ ಮೇಲೆ ‘ಎಲ್ಲವೂ ನಿಜವಾಗಿರಬೇಕು’, ‘ಯಾವುದಾದರೊಂದು ನಿಜವಾದರೆ ಸಾಕು’, ‘ಯಾವುದೂ ನಿಜವಾಗಿರಕೂಡದು’ ಎಂಬವುಗಳಲ್ಲಿ ಒಂದನ್ನು ಆಯ್ದುಕೊಳ್ಳಬೇಕು. ಪೆಟ್ಟಿಗೆಯೊಳಗೆ ಮತ್ತೊಂದು ಪೆಟ್ಟಿಗೆ ಇರಬಹುದು. ಗಣಿತದ ಪುಸ್ತಕದಲ್ಲಿ ನಾವು ಆವರಣವೆಂದು ಕರೆಯುವುದು ಇಲ್ಲಿ ಪೆಟ್ಟಿಗೆಯಾಗಿದೆ, ಅಷ್ಟೆ.

ಆವರಣದ ಬೆಲೆ ಎಷ್ಟೆಂಬುದನ್ನು ಸಂವಿಧಾನದ ೫ನೆಯ ಅನುಚ್ಛೇದದಿಂದಲೇ ತಿಳಿಯಬಹುದು. ಸಂವಿಧಾನದ ಆರಂಭಕಾಲದಲ್ಲಿ ಭಾರತದ ಪೌರನು ಯಾರೆಂದು ಅದು ಹೇಳುತ್ತದೆ. ಭಾರತದ ರಾಜ್ಯಕ್ಷೇತ್ರದಲ್ಲಿ ಅಧಿವಾಸ, ಎಂದರೆ ಸ್ಥಿರವಾಗಿ ನೆಲೆಸುವ ಸಂಕಲ್ಪದಿಂದ ಕೂಡಿದ ವಾಸ, ಇರಬೇಕೆಂಬುದು ಮೊದಲನೆಯ ಷರತ್ತು. ಅದರೊಡನೆ ಮೂರರಲ್ಲಿ ಒಂದು ಇರಬೇಕು: ತಾನು ಇಲ್ಲಿ ಹುಟ್ಟಿರಬೇಕು, ಅಥವಾ ತಂದೆತಾಯಿಗಳಲ್ಲಿ ಒಬ್ಬರು ಇಲ್ಲಿ ಹುಟ್ಟಿರಬೇಕು, ಅಥವಾ ಆರಂಭಕ್ಕೆ ನಿಕಟಪೂರ್ವದ ಐದು ವರ್ಷಗಳಿಗೆ ಕಡಮೆಯಿಲ್ಲದಷ್ಟು ಕಾಲ ತಾನು ಸಾಮಾನ್ಯವಾಗಿ ಇಲ್ಲಿ ವಾಸವಾಗಿರಬೇಕು. ಅಚ್ಚಾದ ಪುಟದಲ್ಲಿ ಮೊದಲನೆಯ ಷರತ್ತಾದ ಮೇಲೆ ಒಂದು ಅಡ್ಡಗೆರೆ ಬಂದು, ಉಳಿದ ಮೂರೂ ಒಳಸರಿದ ಸಾಲುಗಳಲ್ಲಿ ನಿಂತಿವೆ. ಆ ಅಡ್ಡಗೆರೆಯೂ ಒಳಸರಿತವೂ ಆವರಣದ ಕೆಲಸ ಮಾಡುತ್ತವೆ. ಇವನ್ನು ಅಳಿಸಿ ನಾಲ್ಕು ಷರತ್ತುಗಳನ್ನೂ ಒಂದೇ ಸಾಲಿನಲ್ಲಿ ‘ಅ ಮತ್ತು ಆ ಅಥವಾ ಇ ಅಥವಾ ಈ’ ಎಂದು ಬರೆದು ಯಂತ್ರಕ್ಕೆ ಕೊಟ್ಟರೆ ಏನಾಗುತ್ತದೆ? ‘ಮತ್ತು’ ಎಂಬುದನ್ನು ಮೊದಲು, ‘ಅಥವಾ’ ಎಂಬುದನ್ನು ಆಮೇಲೆ ಬಿಡಿಸುವುದು ಪ್ರೋಗ್ರಾಮ್ ಭಾಷೆಗಳಲ್ಲಿ ಬಹುಮಟ್ಟಿಗೆ ರೂಢಿ. ಆಗ ಅಧಿವಾಸದ ಷರತ್ತು ಜನನಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಲಂಡನ್ನಿನಲ್ಲಿ ಹುಟ್ಟಿ, ಅಲ್ಲಿಯೇ ಅಧಿವಾಸ ಹೊಂದಿ, ಭಾರತವನ್ನು ಕಣ್ಣಿನಿಂದಲೂ ಕಾಣದವನು, ಅವನ ತಾಯಿ ಧಾರವಾಡದಲ್ಲಿ ಹುಟ್ಟಿದವಳೆಂಬ ಒಂದೇ ಕಾರಣದಿಂದ ಈ ಅನುಚ್ಛೇದದ ಪ್ರಕಾರ ಪೌರನಾಗಿಬಿಡುತ್ತಾನೆ. ಒಂದು ಪದವೂ ಬದಲಾಗಿಲ್ಲ. ಪೌರತ್ವದ ಸೀಮೆ ಮಾತ್ರ ಬದಲಾಗಿದೆ.

‘ಮತ್ತು’ವಿಗೆ ಈ ಅಗ್ರಸ್ಥಾನ ಎಲ್ಲಿಂದ ಬಂತು? ಜಾರ್ಜ್ ಬೂಲನು ೧೮೫೪ರ ತನ್ನ ಗ್ರಂಥದಲ್ಲಿ ತರ್ಕವನ್ನು ಬೀಜಗಣಿತದ ಉಡುಪಿನಲ್ಲಿ ನಿಲ್ಲಿಸಿದಾಗ ‘ಮತ್ತು’ ಎಂಬುದು ಗುಣಾಕಾರದ ರೂಪವನ್ನೂ ‘ಅಥವಾ’ ಎಂಬುದು ಸಂಕಲನದ ರೂಪವನ್ನೂ ತಾಳಿದವು. ಕೂಡುವುದಕ್ಕೆ ಮೊದಲು ಗುಣಿಸಬೇಕೆಂಬುದು ಶಾಲೆಯ ಹುಡುಗರಿಗೂ ಗೊತ್ತಿರುವ ಕ್ರಮ. ಬೀಜಗಣಿತಕ್ಕೆ ಒಪ್ಪುವ ಈ ಕ್ರಮ ಮಾತಿಗೆ ಒಪ್ಪುತ್ತದೆಯೆನ್ನಲು ಆಧಾರವಿಲ್ಲ. ‘ಕಾಫಿ ಅಥವಾ ಚಹಾ ಮತ್ತು ಬಿಸ್ಕತ್ತು’ ಎಂದು ಹೇಳಿದವನಿಗೆ ಕಾಫಿಯೊಡನೆ ಬಿಸ್ಕತ್ತು ಬೇಡವೆಂದು ಯಾವ ಹೋಟೆಲಿನವನೂ ಊಹಿಸಲಾರ. ತರ್ಕಶಾಸ್ತ್ರಜ್ಞರಿಗೆ ಆವರಣದ ತೊಡಕು ಚೆನ್ನಾಗಿ ತಿಳಿದಿತ್ತು. ೧೯೧೦ರಲ್ಲಿ ತಮ್ಮ ಮಹಾಗ್ರಂಥದ ಮೊದಲ ಸಂಪುಟವನ್ನು ಪ್ರಕಟಿಸಿದ ವೈಟ್‌ಹೆಡ್ ಮತ್ತು ರಸೆಲ್ ಅವರು ಆವರಣಗಳ ಕೆಲಸವನ್ನು ಬಹುಮಟ್ಟಿಗೆ ಚುಕ್ಕೆಗಳಿಗೆ ವಹಿಸಿದರು. ಪೋಲೆಂಡಿನ ಯಾನ್ ಲುಕಾಸಿಯೇವಿಚ್ ೧೯೨೪ರಲ್ಲಿ ಆವರಣವೇ ಬೇಡದ ಲಿಪಿಯೊಂದನ್ನು ಕಲ್ಪಿಸಿದ. ಡ್ರೂಲ್ಸಿನಲ್ಲಿ ಇನ್ನೊಂದು ವಿಚಿತ್ರವಿದೆ. ಅಲ್ಲಿ ‘ಮತ್ತು’ ಎಂಬುದಕ್ಕೆ ಒಂದು ಚಿಹ್ನೆಯಿದೆ. ಅಲ್ಪವಿರಾಮವೂ ‘ಮತ್ತು’ ಎಂಬ ಅರ್ಥವನ್ನೇ ಕೊಡುತ್ತದೆ. ಆದರೆ ಚಿಹ್ನೆಯು ‘ಅಥವಾ’ಗಿಂತ ಬಿಗಿಯಾಗಿ ಬಂಧಿಸುತ್ತದೆ, ಅಲ್ಪವಿರಾಮವು ‘ಅಥವಾ’ಗಿಂತ ಸಡಿಲವಾಗಿ ಬಂಧಿಸುತ್ತದೆ. ಒಂದೇ ಅರ್ಥದ ಎರಡು ಗುರುತುಗಳಲ್ಲಿ ಯಾವುದನ್ನು ಬಳಸಿದರೆಂಬುದರ ಮೇಲೆ ಇಡೀ ನಿಯಮದ ಆವರಣ ನಿಂತಿದೆ. ಬರೆದವರು ಇದನ್ನು ತಿಳಿದೇ ಬಳಸಿದರೋ ಕೈವಶದಿಂದ ಬಂತೋ, ಆಮೇಲೆ ಓದುವವರು ಹೇಳಲಾರರು.

ನಮ್ಮ ಮೀಮಾಂಸಕರು ಈ ಪ್ರಶ್ನೆಯನ್ನು ಬೇರೆ ದಾರಿಯಿಂದ ಎದುರಿಸಿದರು. ಯಾಗಕ್ಕೆ ವ್ರೀಹಿಯೂ ವಿಹಿತ, ಯವವೂ ವಿಹಿತವೆಂದು ಎರಡು ವಿಧಿಗಳು ಬಂದಾಗ ಎರಡನ್ನೂ ಕೂಡಿಸಬೇಕೋ ಒಂದನ್ನು ಆರಿಸಬೇಕೋ ಎಂಬುದು ಅವರ ಪ್ರಸಿದ್ಧ ಚರ್ಚೆ. ಸಮುಚ್ಚಯ, ವಿಕಲ್ಪ ಎಂಬ ಹೆಸರುಗಳು ಅಲ್ಲಿಂದ ಬಂದುವು. ವಿಕಲ್ಪಕ್ಕೆ ಎಂಟು ದೋಷಗಳನ್ನು ಎಣಿಸಿ, ಗತ್ಯಂತರವಿಲ್ಲದಲ್ಲಿ ಮಾತ್ರ ಅದನ್ನು ಒಪ್ಪಬೇಕೆಂದು ಅವರು ವಿಧಿಸಿದರು. ಈ ಪರಂಪರೆಯನ್ನು ಇಂದಿನ ಯಂತ್ರಗಳಿಗೆ ಪೂರ್ವಜನೆಂದು ಸಾರುವ ಹವ್ಯಾಸ ನಮಗಿಲ್ಲ. ಇಷ್ಟು ಮಾತ್ರ ಗಮನಾರ್ಹ: ಅವರು ವಿಕಲ್ಪವನ್ನು ಆರಿಸಿಕೊಂಡಾಗಲೆಲ್ಲ ಪೂರ್ವಪಕ್ಷವನ್ನು ಬರೆದಿಟ್ಟರು. ಯಾವ ಓದನ್ನು ತಳ್ಳಿದರು, ಏಕೆ ತಳ್ಳಿದರು ಎಂಬುದು ಇಂದಿಗೂ ಓದಲು ಸಿಗುತ್ತದೆ.

ಕಾನೂನನ್ನು ನಿಯಮರೂಪದಲ್ಲಿ ಯಂತ್ರಕ್ಕೆ ಕೊಟ್ಟ ಪ್ರಯತ್ನಗಳಲ್ಲಿ ಅತ್ಯಂತ ಹೆಸರಾದದ್ದು ಲಂಡನ್ನಿನ ಇಂಪೀರಿಯಲ್ ಕಾಲೇಜಿನದು. ಮರೆಕ್ ಸರ್ಗಟ್, ರಾಬರ್ಟ್ ಕೊವಾಲ್‌ಸ್ಕಿ ಮೊದಲಾದ ಆರು ಮಂದಿ ೧೯೮೧ರ ಬ್ರಿಟಿಷ್ ಪೌರತ್ವದ ಅಧಿನಿಯಮವನ್ನು ಪ್ರೊಲಾಗ್ ಎಂಬ ತಾರ್ಕಿಕ ಭಾಷೆಗೆ ಇಳಿಸಿ, ೧೯೮೬ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಆ ಅಧಿನಿಯಮದ ಮೊದಲನೆಯ ಪ್ರಕರಣದ ಪ್ರಕಾರ, ಅದು ಜಾರಿಗೆ ಬಂದ ಮೇಲೆ ಆ ದೇಶದಲ್ಲಿ ಹುಟ್ಟಿದವನು, ಹುಟ್ಟಿದ ಕಾಲಕ್ಕೆ ತಂದೆಯಾಗಲಿ ತಾಯಿಯಾಗಲಿ ಬ್ರಿಟಿಷ್ ಪೌರರಾಗಿದ್ದರೆ ಅಥವಾ ಅಲ್ಲಿ ನೆಲೆಸಿದವರಾಗಿದ್ದರೆ, ಪೌರನಾಗುತ್ತಾನೆ. ಇಲ್ಲಿ ‘ಎಲ್ಲವೂ’ ಎಂಬ ಒಂದು ದೊಡ್ಡ ಪೆಟ್ಟಿಗೆ, ಅದರೊಳಗೆ ‘ಯಾವುದಾದರೊಂದು’ ಎಂಬ ಎರಡು ಚಿಕ್ಕ ಪೆಟ್ಟಿಗೆಗಳು ಇರುವುದನ್ನು ವಾಚಕರು ಕಾಣಬಹುದು. ಅವರು ಮಾಡಿದ ಒಂದು ಕೆಲಸ ನಮಗೆ ಬಹಳ ಹಿಡಿಸಿತು. ‘ತಂದೆ ಅಥವಾ ತಾಯಿ’ ಎಂಬ ಗುಂಪನ್ನು ಹಾಗೆಯೇ ಬಿಡದೆ ಅದಕ್ಕೆ ‘ಜನಕ’ ಎಂಬರ್ಥದ ಒಂದು ಹೆಸರು ಕೊಟ್ಟು, ಆ ಹೆಸರನ್ನು ಬೇರೆ ನಿಯಮಗಳಲ್ಲಿ ವಿವರಿಸಿದರು. ಇದು ಬರಿಯ ಅನುಕೂಲವೆಂದು ತೋರಬಹುದು. ಆದರೆ ಮೂಲ ಅಧಿನಿಯಮದಲ್ಲಿಯೇ, ಬಹು ಹಿಂದೆ ಬರುವ ೫೦ನೆಯ ಪ್ರಕರಣದಲ್ಲಿ, ವಿವಾಹಬಂಧದಲ್ಲಿ ಹುಟ್ಟಿದ ಮಗುವಿಗೆ ಮಾತ್ರ ತಂದೆಯುಂಟೆಂಬ ನಿರ್ವಚನವಿತ್ತು. ೨೦೦೨ರ ತಿದ್ದುಪಡಿಯಿಂದ ಈ ನಿರ್ವಚನ ಬದಲಾಗಿ, ಬದಲಾವಣೆ ೨೦೦೬ರ ಜುಲೈ ೧ರಂದು ಜಾರಿಗೆ ಬಂತು. ಗುಂಪಿಗೆ ಹೆಸರಿದ್ದ ಕಡೆ ತಿದ್ದುವ ಜಾಗ ಒಂದೇ. ಹೆಸರಿಲ್ಲದೆ ಪ್ರತಿಯೊಂದು ನಿಯಮದಲ್ಲಿಯೂ ‘ತಂದೆ ಅಥವಾ ತಾಯಿ’ ಎಂದು ಮತ್ತೆ ಮತ್ತೆ ಪೆಟ್ಟಿಗೆ ಕಟ್ಟಿದ್ದ ಕಡೆ ಎಷ್ಟು ಪೆಟ್ಟಿಗೆಗಳುಂಟೋ ಅಷ್ಟು ಜಾಗ. ಒಂದನ್ನು ಮರೆತರೆ ಒಂದು ವರ್ಗದ ಮಕ್ಕಳು ಹೊರಗುಳಿಯುತ್ತಾರೆ.

ಈ ಪ್ರಯತ್ನಕ್ಕೆ ಅದೇ ೧೯೮೬ರಲ್ಲಿ ಫಿಲಿಪ್ ಲೀತ್ ಅವರು ಕಟುವಾದ ಆಕ್ಷೇಪ ಎತ್ತಿದರು. ಕಾನೂನಿನ ಅರ್ಥ ಅಕ್ಷರದಲ್ಲಿ ಸಿದ್ಧವಾಗಿ ಕುಳಿತಿರುವುದಿಲ್ಲ, ಅದು ನ್ಯಾಯಾಲಯಗಳಲ್ಲಿ ಮತ್ತು ಆಡಳಿತದಲ್ಲಿ ರೂಪುಗೊಳ್ಳುತ್ತದೆ, ಆದ್ದರಿಂದ ಅಕ್ಷರವನ್ನು ತರ್ಕಕ್ಕೆ ಇಳಿಸುವುದರಿಂದ ಕಾನೂನು ಸಿಗುವುದಿಲ್ಲ ಎಂಬುದು ಅವರ ವಾದದ ಸಾರ. ಇದರಲ್ಲಿ ಸತ್ಯಾಂಶ ಬಹಳವಿದೆ. ಆದರೆ ಈ ವಾದವನ್ನು ಕೊನೆಯವರೆಗೂ ಒಪ್ಪಿದರೆ ಗುಮಾಸ್ತನು ಅರ್ಜಿಯ ಮೇಲೆ ಬರೆಯುವ ಷರಾ ಸಹ ಅಸಾಧ್ಯವಾಗಬೇಕಾಗುತ್ತದೆ. ಗುಮಾಸ್ತನೂ ಅಕ್ಷರವನ್ನು ಹಿಡಿದೇ ಹೊರಡುತ್ತಾನೆ. ನಮ್ಮ ದೃಷ್ಟಿಯಲ್ಲಿ ಇಂಪೀರಿಯಲ್ ಕಾಲೇಜಿನವರು ಗೆದ್ದದ್ದು ಒಂದು ವಿಷಯದಲ್ಲಿ: ಅಕ್ಷರದೊಳಗೆ ಅಡಗಿದ್ದ ಸಂದೇಹಗಳನ್ನು ಅವರ ವಿಧಾನ ಬೆಳಕಿಗೆ ತಂದಿತು. ಯಂತ್ರವು ಸಂದೇಹವನ್ನು ಸಹಿಸುವುದಿಲ್ಲ. ಪೆಟ್ಟಿಗೆಯನ್ನು ಎಲ್ಲಿಯಾದರೂ ಮುಚ್ಚಲೇಬೇಕು. ಅವರು ಈ ಸಂದೇಹಗಳನ್ನು ಬರೆದು ಪ್ರಕಟಿಸಿದ ವಿದ್ವಾಂಸರಾಗಿದ್ದರು. ದಿನಬಳಕೆಯ ತಂತ್ರಾಂಶದ ಮುಂದೆ ಕುಳಿತವರಿಂದ ಅಷ್ಟನ್ನು ನಿರೀಕ್ಷಿಸುವಂತಿಲ್ಲ.

ನಮ್ಮ ದೇಶದ ೧೯೫೫ರ ಪೌರತ್ವ ಅಧಿನಿಯಮದ ೩ನೆಯ ಪ್ರಕರಣವನ್ನು ತೆಗೆದುಕೊಳ್ಳೋಣ. ಜನ್ಮದಿಂದ ಬರುವ ಪೌರತ್ವವನ್ನು ಅದು ಮೂರು ಕಾಲಖಂಡಗಳಾಗಿ ವಿಂಗಡಿಸುತ್ತದೆ. ೧೯೫೦ರ ಜನವರಿ ೨೬ರಿಂದ ೧೯೮೭ರ ಜುಲೈ ೧ಕ್ಕೆ ಮೊದಲು ಇಲ್ಲಿ ಹುಟ್ಟಿದವರಿಗೆ ಹುಟ್ಟೇ ಸಾಕು. ಅಲ್ಲಿಂದ ೨೦೦೩ರ ತಿದ್ದುಪಡಿ ಜಾರಿಗೆ ಬಂದ ದಿನದವರೆಗೆ, ಎಂದರೆ ೨೦೦೪ರ ಡಿಸೆಂಬರ್ ೩ಕ್ಕೆ ಮೊದಲು, ಹುಟ್ಟಿದವರಿಗೆ ತಂದೆತಾಯಿಗಳಲ್ಲಿ ಒಬ್ಬರು ಆ ಕಾಲಕ್ಕೆ ಪೌರರಾಗಿರಬೇಕು. ಆಮೇಲೆ ಹುಟ್ಟಿದವರ ವಿಷಯದಲ್ಲಿ ಎರಡು ದಾರಿಗಳು: ಇಬ್ಬರೂ ಪೌರರಾಗಿರಬೇಕು, ಅಥವಾ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅವನ ಜನ್ಮಕಾಲದಲ್ಲಿ ಅಕ್ರಮ ವಲಸೆಗಾರರಾಗಿರಬಾರದು. ಈ ‘ಜನ್ಮಕಾಲದಲ್ಲಿ’ ಎಂಬ ಪದ ಎಲ್ಲಿ ನಿಂತಿದೆಯೆಂಬುದನ್ನು ನೋಡಬೇಕು. ಮೂಲದ ಇಂಗ್ಲಿಷ್ ಪಾಠದಲ್ಲಿ ಅದು ಎರಡನೆಯ ದಾರಿಯ ತುದಿಯಲ್ಲಿ ಒಮ್ಮೆ ಮಾತ್ರ ಬರುತ್ತದೆ. ಅದು ಅಕ್ರಮ ವಲಸೆಯೊಂದಕ್ಕೇ ಅನ್ವಯಿಸುತ್ತದೆಯೇ, ಅದೇ ದಾರಿಯ ‘ಒಬ್ಬರು ಪೌರರು’ ಎಂಬುದಕ್ಕೂ ಅನ್ವಯಿಸುತ್ತದೆಯೇ, ಅಥವಾ ಮೊದಲನೆಯ ದಾರಿಗೂ ವ್ಯಾಪಿಸುತ್ತದೆಯೇ? ಪ್ರಕರಣದ ಶೀರ್ಷಿಕೆ ಜನ್ಮದಿಂದ ಬರುವ ಪೌರತ್ವವಾದ್ದರಿಂದ ಎಲ್ಲವನ್ನೂ ಜನ್ಮಕಾಲಕ್ಕೇ ಪರೀಕ್ಷಿಸಬೇಕೆಂದು ಓದುವುದೇ ಸಮಂಜಸವೆಂದು ನಮ್ಮ ಅಭಿಪ್ರಾಯ. ಆದರೆ ಈ ಓದು ಅಕ್ಷರದಲ್ಲಿ ಇಲ್ಲ, ನಾವು ಸಂದರ್ಭದಿಂದ ತಂದದ್ದು. ಎರಡನೆಯ ಕಾಲಖಂಡದ ಉಪವಾಕ್ಯದಲ್ಲಿ ಅದೇ ಪದ ಪೌರತ್ವಕ್ಕೇ ನೇರವಾಗಿ ಅಂಟಿಕೊಂಡಿರುವಾಗ, ಮೂರನೆಯದರಲ್ಲಿ ಅದನ್ನು ಬೇಕೆಂದೇ ಬಿಟ್ಟರೆಂದು ವಾದಿಸುವವರೂ ಇರಬಹುದು. ಮಗು ಹುಟ್ಟಿದಾಗ ಪೌರರಾಗಿದ್ದು ಆಮೇಲೆ ಬೇರೆ ದೇಶದ ಪೌರತ್ವ ಪಡೆದ ತಂದೆತಾಯಿಗಳ ಮಗುವಿಗೆ ಈ ವಾದ ಕೇವಲ ವ್ಯಾಕರಣದ ಮಾತಾಗಿರುವುದಿಲ್ಲ.

ಈ ನಿಯಮವನ್ನು ತಂತ್ರಾಂಶದಲ್ಲಿ ಕಟ್ಟುವವರು ಜನ್ಮಕಾಲದ ಸಾಲನ್ನು ಒಳಗಿನ ಪೆಟ್ಟಿಗೆಯಲ್ಲಿಯೋ ಹೊರಗಿನ ಪೆಟ್ಟಿಗೆಯಲ್ಲಿಯೋ ಇಡಲೇಬೇಕು. ಒಂದು ಸಾಲನ್ನು ಬೆರಳಿನಿಂದ ಎಳೆದು ಒಂದಂಗುಲ ಎಡಕ್ಕೆ ಬಿಟ್ಟರೆ ನಿರ್ಣಯ ಮುಗಿಯಿತು. ನ್ಯಾಯಾಧೀಶರಾದರೆ ಇದಕ್ಕೆ ಪುಟಗಟ್ಟಲೆ ಕಾರಣ ಬರೆಯುತ್ತಿದ್ದರು.

ಇದು ಅತ್ಯುಕ್ತಿಯೆಂದು ಭಾವಿಸುವವರು ಅಮೆರಿಕದ ಪರಮೋಚ್ಚ ನ್ಯಾಯಾಲಯವು ೨೦೨೪ರ ಮಾರ್ಚ್ ೧೫ರಂದು ಪಲ್ಸಿಫರ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ನೋಡಬೇಕು. ಮಾದಕದ್ರವ್ಯದ ಕೆಲವು ಅಪರಾಧಗಳಲ್ಲಿ ಕಡ್ಡಾಯವಾದ ಕನಿಷ್ಠ ಶಿಕ್ಷೆಯಿಂದ ವಿನಾಯಿತಿ ಪಡೆಯಲು ಅರ್ಹರಾರೆಂದು ೨೦೧೮ರ ಒಂದು ಅಧಿನಿಯಮ ಹೇಳುತ್ತದೆ. ಆರೋಪಿಗೆ ಇವು ಇರಬಾರದು: ಪೂರ್ವಾಪರಾಧಗಳ ಲೆಕ್ಕದಲ್ಲಿ ನಾಲ್ಕಕ್ಕೆ ಹೆಚ್ಚು ಅಂಕ, ಮೂರು ಅಂಕದ ಒಂದು ಹಳೆಯ ಅಪರಾಧ, ‘ಮತ್ತು’ ಎರಡು ಅಂಕದ ಒಂದು ಹಳೆಯ ಹಿಂಸಾಪರಾಧ. ಮೂರರಲ್ಲಿ ಒಂದಿದ್ದರೂ ವಿನಾಯಿತಿ ಇಲ್ಲವೇ, ಮೂರೂ ಕೂಡಿದ್ದರೆ ಮಾತ್ರ ಇಲ್ಲವೇ? ಒಂಬತ್ತು ಮಂದಿ ನ್ಯಾಯಾಧೀಶರಲ್ಲಿ ಆರು ಮಂದಿ ಮೊದಲನೆಯ ಓದನ್ನು ಒಪ್ಪಿದರು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಕೇಗನ್ ಅವರು ವ್ಯಾಕರಣ ಎರಡಕ್ಕೂ ಎಡೆಕೊಡುತ್ತದೆಂದು ಒಪ್ಪಿಕೊಂಡು, ಸಂದರ್ಭದಿಂದ ನಿರ್ಣಯಿಸಿದರು. ಮೂರು ಮತ್ತು ಎರಡು ಕೂಡಿದರೆ ಐದು. ಆದ್ದರಿಂದ ಎರಡನೆಯದೂ ಮೂರನೆಯದೂ ಇದ್ದವನಿಗೆ ನಾಲ್ಕಕ್ಕೆ ಹೆಚ್ಚು ಅಂಕ ಇದ್ದೇ ಇರುತ್ತದೆ, ಮೂರೂ ಕೂಡಬೇಕೆಂದರೆ ಮೊದಲನೆಯ ಷರತ್ತು ವ್ಯರ್ಥವಾಗುತ್ತದೆ ಎಂಬುದು ಅವರ ಮುಖ್ಯ ಯುಕ್ತಿಗಳಲ್ಲೊಂದು. ಭಿನ್ನಮತ ಬರೆದ ನ್ಯಾಯಮೂರ್ತಿ ಗೋರ್ಸಚ್ ಅವರು ಈ ಓದಿನಿಂದ ಸಾವಿರಾರು ಜನರಿಗೆ ಅವಕಾಶ ತಪ್ಪುತ್ತದೆಂದು ಎಚ್ಚರಿಸಿದರು. ನಮಗೆ ಬಹುಮತದ ಯುಕ್ತಿ ಬಲವಾಗಿ ಕಂಡರೂ, ಶಿಕ್ಷೆಯ ಕಾನೂನಿನಲ್ಲಿ ಇಂಥ ಸಂದೇಹದ ಲಾಭ ಆರೋಪಿಗೆ ಹೋಗಬೇಕಾಗಿತ್ತೆಂಬ ಭಿನ್ನಮತದ ನಿಲುವು ಹೆಚ್ಚು ನ್ಯಾಯವೆನಿಸುತ್ತದೆ. ಅದೇನೇ ಇರಲಿ, ನಿಯಮ-ತಂತ್ರಾಂಶದಲ್ಲಿ ಈ ವಿವಾದವೆಲ್ಲ ‘ಯಾವುದೂ ನಿಜವಾಗಿರಕೂಡದು’ ಎಂಬುದನ್ನು ಒತ್ತುವುದೋ, ‘ಎಲ್ಲವೂ’ ಎಂಬ ಪೆಟ್ಟಿಗೆಯನ್ನು ನಿರಾಕರಿಸುವುದೋ ಎಂಬಷ್ಟಕ್ಕೆ ಇಳಿಯುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಕನ್ನಡದಲ್ಲಿ ಈ ಸಂದೇಹ ಇಷ್ಟು ಸುಲಭವಾಗಿ ಹುಟ್ಟುವುದಿಲ್ಲ. ‘ಅಕ್ಕಿಯೂ ಬೇಳೆಯೂ ಇಲ್ಲ’ ಎಂದರೆ ಎರಡೂ ಇಲ್ಲವೆಂದೇ ಅರ್ಥ. ಕೂಡಿ ಇಲ್ಲವೆನ್ನಬೇಕಾದರೆ ‘ಎರಡೂ ಒಟ್ಟಿಗೆ ಇಲ್ಲ’ ಎಂದು ಬೇರೆಯಾಗಿ ಹೇಳುತ್ತೇವೆ. ‘ಊ’ ಪ್ರತ್ಯಯವು ಒಂದೊಂದು ಪದವನ್ನೂ ಹಿಡಿದು ನಿಷೇಧದ ಮುಂದೆ ನಿಲ್ಲಿಸುತ್ತದೆ. ಆದರೆ ಕಛೇರಿಯ ಭಾಷಾಂತರಗಳಲ್ಲಿ ‘ಊ’ವನ್ನು ಬಿಟ್ಟು, ಎರಡು ಪದಗಳ ನಡುವೆ ‘ಮತ್ತು’ ಎಂದು ಸೇರಿಸುವ ಚಾಳಿ ಬೆಳೆದಿದೆ. ಇಂಗ್ಲಿಷಿನ ತೊಡಕು ಅದರೊಡನೆ ನಮ್ಮ ಮನೆಗೂ ಬಂದಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಯಾರು, ಯಾವ ದಿನ, ಎಷ್ಟು ಗಂಟೆಗೆ ನಿಯಮವನ್ನು ಬದಲಿಸಿದರೆಂಬುದನ್ನು ಈ ತಂತ್ರಾಂಶಗಳು ದಾಖಲಿಸುತ್ತವಲ್ಲವೇ, ಹಳೆಯ ಆವೃತ್ತಿಗಳನ್ನೂ ಉಳಿಸುತ್ತವಲ್ಲವೇ ಎಂದು ಕೇಳಬಹುದು. ನಿಜ, ಹಲವು ತಂತ್ರಾಂಶಗಳಲ್ಲಿ ಆ ಏರ್ಪಾಡಿದೆ. ಆದರೆ ಇತಿಹಾಸಕಾರನಿಗೆ ಹೆಸರು ಮತ್ತು ಗಂಟೆ ಸಾಕಾಗುವುದಿಲ್ಲ. ೫ನೆಯ ಅನುಚ್ಛೇದವನ್ನು ಸಂವಿಧಾನ ಸಭೆ ೧೯೪೯ರ ಆಗಸ್ಟ್ ೧೦ರಿಂದ ೧೨ರವರೆಗೆ ಚರ್ಚಿಸಿತು. ಮತ್ತೊಂದನ್ನು ಬಿಟ್ಟರೆ ಕರಡು ಸಮಿತಿಗೆ ಇಷ್ಟು ತಲೆನೋವು ಕೊಟ್ಟ ಅನುಚ್ಛೇದ ಬೇರೊಂದಿಲ್ಲವೆಂದು ಡಾ. ಅಂಬೇಡ್ಕರ್ ಅವರು ಸಭೆಯಲ್ಲಿ ಹೇಳಿದರು. ಎಷ್ಟೋ ಕರಡುಗಳನ್ನು ಬರೆದು ಹರಿದುಹಾಕಿದ ಮಾತನ್ನೂ ಹೇಳಿದರು. ಆ ಹರಿದ ಕರಡುಗಳು ನಮಗೆ ಸಿಗದಿದ್ದರೂ ಚರ್ಚೆ ಸಿಗುತ್ತದೆ. ಹೆಚ್ಚು ಉದಾರವಾಗಿರಬೇಕೆಂದವರು ಯಾರು, ಹೆಚ್ಚು ಬಿಗಿಯಾಗಿರಬೇಕೆಂದವರು ಯಾರು, ಯಾವ ತಿದ್ದುಪಡಿ ಬಿದ್ದುಹೋಯಿತು ಎಂದು ಇಂದಿಗೂ ಓದಬಹುದು. ಅಧಿವಾಸವನ್ನು ಆವರಣದ ಹೊರಗಿಟ್ಟದ್ದರ ಹಿಂದೆ ಜನರಿದ್ದಾರೆ, ವಾದವಿದೆ. ಸಾಲದ ಅರ್ಜಿಯೊಂದನ್ನೋ ಪಿಂಚಣಿಯೊಂದನ್ನೋ ತಳ್ಳಿಹಾಕಿದ ನಿಯಮದ ಪೆಟ್ಟಿಗೆಗೆ ಇಂಥ ಹಿನ್ನೆಲೆಯ ಒಂದು ಸಾಲೂ ಇರುವುದಿಲ್ಲ. ಅರ್ಜಿದಾರನು ಕಾರಣ ಕೇಳಿದರೆ, ಷರತ್ತು ಪೂರೈಸಿಲ್ಲವೆಂಬ ಉತ್ತರ ಬರುತ್ತದೆ. ಷರತ್ತುಗಳನ್ನು ಹೀಗೇಕೆ ಜೋಡಿಸಿದರೆಂದು ಕೇಳಲು ಅವನಿಗೆ ತೋಚುವುದೇ ಇಲ್ಲ, ಏಕೆಂದರೆ ಜೋಡಣೆ ಅವನ ಕಣ್ಣಿಗೆ ಬಿದ್ದಿರುವುದಿಲ್ಲ.

ಆದ್ದರಿಂದ ಒಂದೊಂದು ಗುಂಪಿಗೂ ಮೂರು ಸಂಗತಿಗಳನ್ನು ಬರೆಯದೆ ಮುಂದೆ ಹೋಗಗೊಡದಂತೆ ತಂತ್ರಾಂಶವನ್ನು ರಚಿಸುವುದು ಸಾಧ್ಯವೂ ಹೌದು, ಅಗತ್ಯವೂ ಹೌದು: ಆ ಗುಂಪಿನ ಹೆಸರು, ಅದಕ್ಕೆ ಆಧಾರವಾದ ಮೂಲವಾಕ್ಯ, ಮತ್ತು ಬಿಟ್ಟುಬಿಟ್ಟ ಓದು. ಮೂರನೆಯದೇ ಮುಖ್ಯ. ೩ನೆಯ ಪ್ರಕರಣದ ನಿಯಮ ಕಟ್ಟಿದವರು ‘ಜನ್ಮಕಾಲವೆಂಬುದನ್ನು ಎರಡು ದಾರಿಗಳಿಗೂ ಅನ್ವಯಿಸಿದೆ, ಎರಡನೆಯದಕ್ಕೆ ಮಾತ್ರವೆಂದೂ ಓದಬಹುದು’ ಎಂದು ಒಂದು ಸಾಲು ಬರೆದಿಟ್ಟರೆ, ಮುಂದೆ ನ್ಯಾಯಾಲಯ ಬೇರೆ ರೀತಿ ಹೇಳಿದಾಗ ಎಲ್ಲಿ ತಿದ್ದಬೇಕೆಂಬುದೂ, ಯಾರ ಯಾರ ಅರ್ಜಿಗಳನ್ನು ಮತ್ತೆ ತೆರೆಯಬೇಕೆಂಬುದೂ ತಿಳಿಯುತ್ತದೆ. ಇದರಿಂದ ಕೆಲಸ ನಿಧಾನವಾಗುತ್ತದೆನ್ನುವವರ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ನಿಧಾನವಾಗಬೇಕಾದ ಜಾಗ ಅದು.

ಪೆಟ್ಟಿಗೆಗಳಿಂದಲೇ ಬಗೆಹರಿಯದ ತೊಡಕೂ ಒಂದುಂಟು. ಅದೇ ೩ನೆಯ ಪ್ರಕರಣದ ಎರಡನೆಯ ಉಪಪ್ರಕರಣದಲ್ಲಿ, ತಂದೆಗಾಗಲಿ ತಾಯಿಗಾಗಲಿ ವಿದೇಶೀ ರಾಯಭಾರಿಗೆ ಸಲ್ಲುವ ವಿಮುಕ್ತಿಯಿದ್ದು, ಅವರು ಭಾರತದ ಪೌರರಲ್ಲದಿದ್ದರೆ, ಇಲ್ಲಿ ಹುಟ್ಟಿದ ಮಗುವಿಗೆ ಜನ್ಮದಿಂದ ಪೌರತ್ವ ಬರುವುದಿಲ್ಲವೆಂದಿದೆ. ವಿಮುಕ್ತಿ ಯಾರಿಗಿದೆಯೋ ಅವರೇ ಪೌರರಲ್ಲದವರಾಗಿರಬೇಕೆಂಬುದನ್ನು ಮೂಲಪಾಠ ಒಂದು ಚಿಕ್ಕ ಪದಗುಚ್ಛದಿಂದ ಖಚಿತಪಡಿಸುತ್ತದೆ. ‘ತಂದೆಗೆ ಅಥವಾ ತಾಯಿಗೆ ವಿಮುಕ್ತಿಯುಂಟು’ ಎಂದು ಒಂದು ಪೆಟ್ಟಿಗೆ, ‘ತಂದೆ ಅಥವಾ ತಾಯಿ ಪೌರರಲ್ಲ’ ಎಂದು ಇನ್ನೊಂದು ಪೆಟ್ಟಿಗೆ, ಎರಡನ್ನೂ ‘ಎಲ್ಲವೂ’ ಎಂಬ ಹೊರಪೆಟ್ಟಿಗೆಯಲ್ಲಿಟ್ಟರೆ ನೋಡಲು ಎಲ್ಲವೂ ಸರಿಯಾಗಿಯೇ ಇರುತ್ತದೆ. ಆದರೆ ವಿಮುಕ್ತಿಯುಳ್ಳ ತಂದೆ ಭಾರತದ ಪೌರನಾಗಿದ್ದು, ವಿಮುಕ್ತಿಯಿಲ್ಲದ ತಾಯಿ ಪರದೇಶದವಳಾಗಿದ್ದರೂ ಎರಡು ಪೆಟ್ಟಿಗೆಗಳೂ ನಿಜವಾಗಿ, ಮಗು ಹೊರಗೆ ಬೀಳುತ್ತದೆ. ಒಬ್ಬರೇ ವ್ಯಕ್ತಿ ಎರಡು ಷರತ್ತುಗಳಿಗೂ ಸಿಕ್ಕಬೇಕೆಂಬುದನ್ನು ಹೇಳಲು ಆ ವ್ಯಕ್ತಿಗೆ ಒಂದು ಹೆಸರಿಟ್ಟು, ಆ ಹೆಸರನ್ನು ಎರಡು ಸಾಲುಗಳಲ್ಲಿಯೂ ಬಳಸಬೇಕು. ಇಂಪೀರಿಯಲ್ ಕಾಲೇಜಿನವರು ಆರಿಸಿಕೊಂಡ ಭಾಷೆಯಲ್ಲಿ ಇದಕ್ಕೆ ಅವಕಾಶವಿತ್ತು. ಡ್ರೂಲ್ಸಿನ ಬರೆಹದಲ್ಲಿಯೂ ಇದೆ. ಪರದೆಯ ಮೇಲೆ ಸಾಲುಗಳನ್ನು ಎಳೆದು ಜೋಡಿಸುವ ಸರಳ ರೂಪಗಳಲ್ಲಿ ಅನೇಕವೇಳೆ ಅದನ್ನೇ, ಬಳಸುವವರಿಗೆ ಕಷ್ಟವಾದೀತೆಂದು, ತೆಗೆದುಹಾಕಿರುತ್ತಾರೆ.